ಲಿಫ್ಟಿನ ಎಂಟು ಮೂಲೆಗಳು

ನಿರ್ದೇಶಕರ ಕೋಣೆಯಿಂದ ಹೊರಗೆ ಬಂದಾಗ ಶಶಿಕಲಾಳ ಕೈ ಖಾಲಿಯಾಗಿತ್ತು. ಬರುವಾಗ ತನ್ನ ಮೂಲ ಅಂಕಪಟ್ಟಿಗಳ ಫೈಲು ಬಗಲಲ್ಲಿರುತ್ತದೆ ಎಂದು ನಂಬಿಕೊಂಡೇ ಅವಳು ಒಳಗೆ ಹೋಗಿದ್ದಳು.

ಶಶಿಕಲಾ ಭಾಲ್ಕಿಯವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕೆಲವು ವರ್ಷಗಳಿಂದ ಬೀದರದ ಈ ಕೋಚಿಂಗ್ ಕಾಲೇಜಿನಲ್ಲಿ, ಡಾಕ್ಟರಾಗಬೇಕೆಂದು ಪರೀಕ್ಷೆಗೆ ಕೂಡುವ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದಳು. ಬೆಳಗಿನ ರೈಲಿಗೆ ಬರುವುದು, ಹೊತ್ತು ಮುಳುಗಿದ ಮೇಲೆ ಸಿಕ್ಕ ಬಸ್ಸಿಗೆ ಮರಳುವುದು. ಸೇರಿದ ದಿನ ‘ನೋಡಿ ಕೊಡ್ತೇವಿ’ ಎಂದು ಇಸಿದುಕೊಂಡ ಅಂಕಪಟ್ಟಿಗಳು ಅಂದಿನಿಂದ ನಿರ್ದೇಶಕ ಮಾಣಿಕರಾವರ ಕಬ್ಬಿಣದ ಅಲಮಾರಿಯಲ್ಲೇ ಇದ್ದವು. ಅಲ್ಲಿ ಕೆಲಸಕ್ಕಿದ್ದ ಎಲ್ಲರದೂ ಹಾಗೆಯೇ. ವರ್ಷದ ನಡುವೆ ಯಾರೂ ಬಿಟ್ಟು ಹೋಗುತ್ತಿರಲಿಲ್ಲ, ಹೋಗುವ ದಾರಿ ಇರಲಿಲ್ಲ.

ಈಗ ಔರಾದದ ಒಂದು ಪಿಯು ಕಾಲೇಜಿನಲ್ಲಿ ಅವಳಿಗೆ ಕಾಯಂ ಕೆಲಸ ಸಿಕ್ಕಿತ್ತು. ಅಲ್ಲಿನ ಕಾರ್ಯದರ್ಶಿ ಮಡೆಪ್ಪನವರು ಫೋನಿನಲ್ಲಿ ಬಿಚ್ಚಿ ಹೇಳಿದ್ದರು. ಭಾನುವಾರ ಸಂಜೆ ಐದರೊಳಗೆ ಮೂಲ ಪ್ರತಿಗಳನ್ನು ತಂದು ತೋರಿಸಬೇಕು, ಸೋಮವಾರ ಆಡಳಿತ ಮಂಡಳಿ ಸಹಿ ಹಾಕುತ್ತದೆ. ತಪ್ಪಿದರೆ ಅವಳ ನಂತರದವರನ್ನು ಕರೆಯುತ್ತಾರೆ. ಆ ಭಾನುವಾರ ಇದೇ.

“ಮೇ ತಿಂಗಳದಾಗ ಪರೀಕ್ಷಾ ಮುಗೀಲಿ, ಅವತ್ತೇ ಕೊಡ್ತೇನಿ,” ಎಂದಿದ್ದರು ಮಾಣಿಕರಾವ. “ನಡೂ ವರ್ಷದಾಗ ಫಿಜಿಕ್ಸ್‌ದವರನ್ನ ನಾ ಎಲ್ಲಿಂದ ತರ್ಲಿ, ನೀವೇ ಹೇಳ್ರಿ.”

“ಮೇ ತನಕ ಅವ್ರು ಕಾಯಂಗಿಲ್ರಿ ಸರ್.”

“ಕಾಯಲಿಲ್ಲಂದ್ರ ನಸೀಬ ಅಷ್ಟೇ. ಇಲ್ಲೇ ಇರ್ರಿ. ನಿಮಗೇನ್ ಕಮ್ಮಿ ಮಾಡೀವಿ ನಾವು?”

ಅವರು ಸಿಟ್ಟಾಗಿರಲಿಲ್ಲ. ನಗುನಗುತ್ತಲೇ ಹೇಳಿ, ಚಹಾ ತರಿಸಿದ್ದರು. ಶಶಿಕಲಾ ಆ ಚಹಾ ಕುಡಿದಿದ್ದಳು. ಹೊರಗೆ ಬಂದು ಲಿಫ್ಟಿನ ಗುಂಡಿ ಒತ್ತುವಾಗ ಅವಳಿಗೆ ಸಿಟ್ಟು ಬಂದದ್ದು ಅವರ ಮಾತಿಗಲ್ಲ, ಕೊನೆಯ ಗುಟುಕಿನವರೆಗೂ ತಾನು ಆ ಕಪ್ಪು ಹಿಡಿದು ಕೂತಿದ್ದಕ್ಕೆ.

ನಾಲ್ಕನೇ ಮಹಡಿಯಿಂದ ಲಿಫ್ಟು ಇಳಿಯತೊಡಗಿತು. ಸಿಬ್ಬಂದಿಗೆ ಮಾತ್ರ ಎಂದು ಅದರ ಬಾಗಿಲ ಮೇಲೆ ಬರೆದಿತ್ತು. ಒಳಗಿನ ದೀಪ ಸುಟ್ಟು ಎಷ್ಟೋ ಕಾಲವಾಗಿತ್ತು. ಬಾಗಿಲ ನಡುವಿನ ಬೆರಳಗಲದ ಗಾಜಿನಿಂದ ಬರುವ ಬೆಳಕೇ ಬೆಳಕು. ಮೂರನೇ ಮಹಡಿಯಲ್ಲಿ ಅದು ನಿಂತು ಬಾಗಿಲು ತೆರೆಯಿತು. ಎದುರಿಗೆ ಹೆಗಲಿಗೆ ಬ್ಯಾಗು ಹಾಕಿಕೊಂಡ ಒಬ್ಬ ಹುಡುಗಿ ನಿಂತಿದ್ದಳು. ಶಶಿಕಲಾಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೆ ಏನನ್ನೋ ಗಟ್ಟಿ ಮಾಡಿಕೊಂಡವಳಂತೆ ಒಳಗೆ ಬಂದುಬಿಟ್ಟಳು.

ಅವಳು ಪೂನಮ, ಕಡಿಮೆ ಅಂಕದವರನ್ನು ಹಾಕುವ ಕೊನೆಯ ಬ್ಯಾಚಿನ ಹುಡುಗಿ. ಎರಡನೇ ಸಲ ಪರೀಕ್ಷೆಗೆ ಕೂಡುತ್ತಿದ್ದಳು. ತರಗತಿಯಲ್ಲಿ ಗೋಡೆಗೆ ಆತು ಕೂಡುವವರ ಸಾಲಿನಲ್ಲಿ ಅವಳ ಮುಖವನ್ನು ಶಶಿಕಲಾ ನೋಡಿದ್ದಳು, ಮಾತು ಕೇಳಿದ್ದು ಕಡಿಮೆ. ಭಾನುವಾರ ಊಟವಾದ ಮೇಲೆ ಹಾಸ್ಟೆಲಿನ ಹುಡುಗಿಯರೆಲ್ಲ ಆ ಮಹಡಿಯ ಓದುವ ಹಾಲಿನಲ್ಲಿರಬೇಕು. ಮೆಟ್ಟಿಲ ಬಾಯಿಗಿದ್ದ ಜಾಳಿಗೆ ಬಾಗಿಲಿಗೆ ಸಂಜೆಯವರೆಗೆ ಕೀಲಿ. ಲಿಫ್ಟಿಗೆ ಮಾತ್ರ ಕೀಲಿ ಇರಲಿಲ್ಲ.

“ಎಲ್ಲಿ ಹೊಂಟಿ?” ಎಂದು ಕೇಳಿದಳು ಶಶಿಕಲಾ.

ಪೂನಮ ಬ್ಯಾಗನ್ನು ಬೆನ್ನ ಹಿಂದೆ ಸರಿಸಿದಳು. ಬಾಗಿಲು ಮುಚ್ಚಿತು, ಲಿಫ್ಟು ಇಳಿಯಿತು. ಎರಡನೇ ಮಹಡಿಯ ಬೆಳಕು ಗಾಜಿನಲ್ಲಿ ಮೇಲಕ್ಕೆ ಸರಿದು ಹೋಯಿತು, ಸಿಮೆಂಟಿನ ಗೋಡೆ ಬಂತು, ಅಷ್ಟರಲ್ಲಿ ಕಾಲಡಿಯಲ್ಲಿ ಒಂದು ಜರ್ಕು ಹೊಡೆದು ಎಲ್ಲವೂ ನಿಂತಿತು. ಫ್ಯಾನಿನ ಸದ್ದೂ ನಿಂತಿತು. ಕತ್ತಲು.

“ಕರೆಂಟ್ ಹೋಯ್ತು,” ಎಂದಳು ಶಶಿಕಲಾ. “ಬರ್ತದ.”

ಬರಲಿಲ್ಲ. ಜನರೇಟರು ಗುಡುಗುಡು ಎಂದು ಶುರುವಾದದ್ದು ಕೇಳಿಸಿತು, ಆದರೆ ಅದರ ತಂತಿ ಓದುವ ಹಾಲಿಗೆ ಮತ್ತು ನಿರ್ದೇಶಕರ ಕೋಣೆಗೆ ಮಾತ್ರ. ಶಶಿಕಲಾ ಫೋನಿನ ಟಾರ್ಚು ಹಚ್ಚಿದಳು. ನೆಟ್‌ವರ್ಕ್ ಇರಲಿಲ್ಲ. ಗಂಟೆಯ ಚಿತ್ರವಿದ್ದ ಕೆಂಪು ಗುಂಡಿಯನ್ನು ಒತ್ತಿದಳು. ಅದು ಒಳಗೆ ಹೋಯಿತು, ಹೊರಗೆ ಬಂತು, ಸದ್ದು ಮಾತ್ರ ಮಾಡಲಿಲ್ಲ. ಅಂಗೈಯಿಂದ ಬಾಗಿಲು ಬಡಿದಳು. ತಗಡಿನ ಸದ್ದು ಮೇಲೆ ಕೆಳಗೆ ಓಡಾಡಿ ಅವರ ಕಿವಿಗೇ ಮರಳಿ ಬಂತು.

ಸ್ವಲ್ಪ ಹೊತ್ತಿನ ಮೇಲೆ ತಲೆಯ ಮೇಲಿನಿಂದ ಒಂದು ದನಿ ಕೇಳಿಸಿತು. “ಯಾರದಾರಿ ಒಳಗ?”

ವಾಚ್‌ಮನ್ ಅಮೀರ ಪಾಶಾ. ಶಶಿಕಲಾ ಬಾಗಿಲ ಸಂದಿಗೆ ಬಾಯಿ ಹಚ್ಚಿ ಹೇಳಿದಳು, “ನಾನ್ರಿ, ಫಿಜಿಕ್ಸ್ ಶಶಿಕಲಾ. ಲಗೂ ತೆಗೀರಿ. ನಂಗ ಔರಾದಕ್ಕ ಹೋಗೂದದ.”

“ಫಿಕರ್ ಮಾಡಬ್ಯಾಡ್ರಿ ಮ್ಯಾಡಂ. ಚಾವಿ ಮೆಕ್ಯಾನಿಕ್ ಹಂತೇಕ ಅದ. ಅಂವ ನೌಬಾದಕ್ಕ ಹೋಗ್ಯಾನ. ಫೋನ್ ಹಚ್ಚೀನಿ, ಬರ್ಲತ್ತಾನ.” ಸ್ವಲ್ಪ ತಡೆದು ಮತ್ತೆ ಕೇಳಿದ, “ಒಬ್ಬರೇ ಅದೀರೇನ್ರಿ?”

ಅವಳ ಮುಂಗೈಯನ್ನು ಯಾರೋ ಹಿಡಿದರು. ಪೂನಮಳ ಬೆರಳುಗಳು ತಣ್ಣಗಿದ್ದವು. “ನಾ ಅದೀನಿ ಅಂತ ಹೇಳಬ್ಯಾಡ್ರಿ ಮ್ಯಾಡಂ,” ಎಂದು ಪಿಸುಗುಟ್ಟಿದಳು. “ನಾ ಹೇಳದೆ ಹೊಂಟೀನಿ.”

ಶಶಿಕಲಾ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. “ಲಗೂ ಬರ್ರಿ,” ಎಂದಷ್ಟೇ ಅಂದಳು. ಅಮೀರ ಪಾಶಾನ ಚಪ್ಪಲಿಯ ಸದ್ದು ದೂರವಾಯಿತು.

ಗಡಿಯಾರ ನೋಡಿದಳು. ಮೂರರ ಬಸ್ಸಿಗೆ ಇನ್ನೂ ವೇಳೆಯಿತ್ತು. ಆದರೆ ಬಸ್ಸು ಹಿಡಿದು ಮಾಡುವುದೇನು, ಫೈಲು ಮೇಲೆ ಅಲಮಾರಿಯಲ್ಲಿದೆ. ಬರಿಗೈಯಲ್ಲಾದರೂ ಹೋಗಿ ಮಡೆಪ್ಪನವರ ಕಾಲು ಹಿಡಿಯಬೇಕೆಂದು ಅವಳು ಲಿಫ್ಟು ಹತ್ತುವಾಗಲೇ ನಿಶ್ಚಯಿಸಿದ್ದಳು. ಈಗ ಅದಕ್ಕೂ ಈ ತಗಡಿನ ಗೋಡೆ ಅಡ್ಡ ಬಂತು.

ಒಳಗೆ ಸೆಕೆ ಏರತೊಡಗಿತು. ಗ್ರೀಸಿನ ವಾಸನೆ, ಹಳೆಯ ರಬ್ಬರ್ ಚಾಪೆಯ ವಾಸನೆ. ಪೂನಮ ಗೋಡೆಗೆ ಬೆನ್ನು ಕೊಟ್ಟು ಜಾರಿ ಕೂತಳು. ಅವಳ ಉಸಿರು ಮೊದಲು ಜೋರಾಯಿತು, ಆಮೇಲೆ ತುಂಡು ತುಂಡಾಯಿತು. ಟಾರ್ಚು ಹಿಡಿದು ನೋಡಿದರೆ ತುಟಿ ಬೆಳ್ಳಗಾಗಿತ್ತು, ಎರಡೂ ಕೈಯ ಬೆರಳು ಸೆಟೆದುಕೊಂಡಿದ್ದವು.

“ಗಾಳಿ ಬರ್ಲತ್ತಿಲ್ಲರಿ,” ಎಂದಳು. “ನಾವು ಇಲ್ಲೇ ಸಾಯ್ತೇವೇನ್ರಿ ಮ್ಯಾಡಂ?”

“ಗಾಳಿ ಅದ. ಬಾಗಲ ಸಂದ್ಯಾಗಿಂದ ಬರ್ತದ, ಕೈ ಇಟ್ಟು ನೋಡು.”

ಪೂನಮ ಕೈ ಎತ್ತಲಿಲ್ಲ. ಶಶಿಕಲಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಾಟಲಿಯ ನೀರು ಕುಡಿಸಲು ನೋಡಿದಳು, ಅದು ಗದ್ದದ ಮೇಲೆ ಹರಿದುಹೋಯಿತು. ಬೆನ್ನು ಸವರಿದಳು. ಹೆದರಿದ ಹುಡುಗಿಯನ್ನು ಹೇಗೆ ಸಮಾಧಾನ ಮಾಡಬೇಕೆಂದು ಅವಳಿಗೆ ತಿಳಿಯದು. ಅವಳಿಗೆ ಬರುತ್ತಿದ್ದದ್ದು ಒಂದೇ ಕೆಲಸ. ಬಾಯಿಗೆ ಅದೇ ಬಂತು.

“ಹ್ವಾದ ಟೆಸ್ಟ್‌ದಾಗ ಯಾವ ಪ್ರಶ್ನಿ ಬಿಟ್ಟಿ?”

ಹುಡುಗಿ ಅರ್ಥವಾಗದೆ ಅವಳ ಮುಖ ನೋಡಿದಳು.

“ಹೇಳು. ಯಾವುದು ಬಿಟ್ಟಿ?”

“ಕ್ಯೂಬ್‌ದು,” ಎಂದಳು ಪೂನಮ ಉಸಿರಿನ ನಡುವೆ. “ಹನ್ನೆರಡು ರೆಸಿಸ್ಟರ್‌ದು.”

ಆ ಪ್ರಶ್ನೆ ಶಶಿಕಲಾಳಿಗೆ ಬಾಯಿಪಾಠ. ಕರೆಂಟಿಗೆ ತಡೆಯೊಡ್ಡುವ, ಒಂದೇ ಬೆಲೆಯ ಹನ್ನೆರಡು ರೋಧಕಗಳನ್ನು ಒಂದು ಘನದ ಹನ್ನೆರಡು ಅಂಚುಗಳಂತೆ ಜೋಡಿಸಿದ್ದಾರೆ. ಒಂದು ಮೂಲೆಯಿಂದ, ಅದಕ್ಕೆ ಎಲ್ಲಕ್ಕಿಂತ ದೂರದ ಎದುರು ಮೂಲೆಗೆ ಒಟ್ಟು ರೋಧ ಎಷ್ಟು? ಅಂದರೆ ಆ ಹನ್ನೆರಡನ್ನೂ ತೆಗೆದುಹಾಕಿ ಅವುಗಳ ಬದಲಿಗೆ ಒಂದೇ ಒಂದನ್ನು ಇಡುವುದಾದರೆ ಅದು ಎಷ್ಟಿರಬೇಕು? ಒಂದು ರೋಧಕದ ಬೆಲೆ ಒಂದು ಎಂದಿಟ್ಟುಕೊಂಡರೆ ಉತ್ತರ ಐದು ಬೈ ಆರು. ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದು ನಿಮಿಷ. ‘ಚಿತ್ರ ತೆಗೀತಾ ಕೂಡಬ್ಯಾಡ್ರಿ, ಬೆಲೆ ನೆನಪಿಟ್ಟು ಗುರುತು ಹಾಕಿ ಮುಂದ ಹೋಗ್ರಿ’ ಎಂದು ಅವಳೇ ಪ್ರತಿ ಬ್ಯಾಚಿಗೂ ಹೇಳುತ್ತಿದ್ದಳು.

“ಐದು ಬೈ ಆರು ಅಂತ ನಾ ಹೇಳಿದ್ದಿಲ್ಲೇನು?”

“ಹೇಳಿದ್ರಿ. ಮರ್ತುಹೋಯ್ತರಿ. ಚಿತ್ರ ನೋಡಿದ್ರ ನಂಗ ಬರೇ ಗೀಟು ಕಾಣ್ತಾವ. ಯಾವ ಗೀಟು ಮುಂದ, ಯಾವುದು ಹಿಂದ, ತಿಳ್ಯಂಗೇ ಇಲ್ಲ.”

ಶಶಿಕಲಾ ಟಾರ್ಚನ್ನು ಹುಡುಗಿಯ ಮುಖದಿಂದ ತಿರುಗಿಸಿ ನೆಲದ ಮೂಲೆಗೆ ಹಿಡಿದಳು. ಬಾಗಿಲ ಎಡಕ್ಕೆ, ರಬ್ಬರ್ ಚಾಪೆ ಮುಗಿಯುವಲ್ಲಿ.

“ಎದ್ದು ನಿಂದ್ರು. ಈ ಮೂಲಿ ನೋಡು. ಕರೆಂಟ್ ಇಲ್ಲಿಂದ ಒಳಗ ಬರ್ತದ ಅಂತ ತಿಳ್ಕೊ. ಇಲ್ಲಿಂದ ಹೋಗಲಿಕ್ಕೆ ಎಷ್ಟು ದಾರಿ ಅವ?”

ಪೂನಮ ಗೋಡೆ ಹಿಡಿದು ಎದ್ದಳು. ಬೆಳಕು ನೆಲದ ಅಂಚಿನಗುಂಟ ಬಾಗಿಲ ಬುಡದಲ್ಲಿ ಬಲಕ್ಕೆ ಹೋಯಿತು, ಮರಳಿ ಬಂದು ಎಡಗೋಡೆಯ ಬುಡದಲ್ಲಿ ಹಿಂದಕ್ಕೆ ಹೋಯಿತು, ಮತ್ತೆ ಬಂದು ಮೂಲೆಯಿಂದ ನೆಟ್ಟಗೆ ಮೇಲಕ್ಕೆ ಹತ್ತಿತು.

“ಮೂರ್ರಿ.”

“ಎಲ್ಲಿಗೆ ಹೋಗಿ ಮುಟ್ಟಬೇಕು?”

ಹುಡುಗಿ ಕತ್ತು ತಿರುಗಿಸಿ ಹುಡುಕಿದಳು. ಹಿಂದೆ, ಬಲಕ್ಕೆ, ಚಾವಣಿಯಲ್ಲಿ. ಬೆರಳು ತೋರಿಸಿದಳು.

“ಹೌದು. ಈ ಮೂರು ದಾರ್ಯಾಗ ಯಾವುದರೇ ಹೆಚ್ಚು ಸಸಾರ ಅದ ಏನು? ಯಾವುದರಾಗ ಹೋದ್ರ ಲಗೂ ಮುಟ್ಟತದ?”

ಪೂನಮ ಬಹಳ ಹೊತ್ತು ನೋಡಿದಳು. ಉಸಿರು ಇನ್ನೂ ಜೋರಾಗಿತ್ತು, ಆದರೆ ಈಗ ಅವಳು ಅದನ್ನು ಗಮನಿಸುತ್ತಿರಲಿಲ್ಲ. “ಲಿಫ್ಟ್ ಎತ್ತರ ಜಾಸ್ತಿ ಅದರಿ. ಅಗಲ ಕಮ್ಮಿ.”

“ಅಳತಿ ಬಿಡು. ಹನ್ನೆರಡೂ ಒಂದೇ ರೆಸಿಸ್ಟರ್.”

“ಹಂಗಾದ್ರ ಮೂರೂ ಒಂದೇ ಅವರಿ. ಫರಕ್ ಇಲ್ಲ.”

“ಫರಕ್ ಇಲ್ಲಂದ್ರ ಕರೆಂಟ್ ಹ್ಯಾಂಗ ಹಂಚಿಕೋತದ?”

“ಮೂರು ಪಾಲು. ಸರೀ.” ಅವಳು ಈಗ ಬಾಗಿಲ ಬುಡದಗುಂಟ ಹೋಗಿ ಬಲಮೂಲೆಯಲ್ಲಿ ನಿಂತಳು. “ಇಲ್ಲಿ ಬಂದ ಮ್ಯಾಲೆ ಮತ್ತ ಎರಡು ದಾರಿ. ಹಿಂದಕ್ಕೊಂದು, ಮ್ಯಾಲಕ್ಕೊಂದು. ಇವೂ ಸರೀ. ಅಂದ್ರ ಆರರಾಗಿಂದ ಒಂದು ಪಾಲು.”

“ಮುಂದ?”

“ಮುಂದ ಎರಡೆರಡು ಕೂಡ್ತಾವರಿ. ಮತ್ತ ಮೂರರಾಗಿಂದ ಒಂದು ಪಾಲು. ಆಮ್ಯಾಲೆ ಆ ಮೂಲಿ.” ಅವಳು ಕೈಯೆತ್ತಿ ಚಾವಣಿಯ ಮೂಲೆಗೆ ತೋರಿಸಿದಳು. “ಯಾವ ದಾರಿಲೆ ಹೋದ್ರೂ ಮೂರೇ ಅಂಚು. ಮೂರರಾಗ ಒಂದು, ಆರರಾಗ ಒಂದು, ಮೂರರಾಗ ಒಂದು.” ತುಟಿ ಅಲ್ಲಾಡಿಸಿ ಕೂಡಿಸಿದಳು. “ಐದು ಬೈ ಆರು.”

ಶಶಿಕಲಾ ಹೌದು ಎಂದು ತಲೆಯಾಡಿಸಿದಳು.

“ಇಷ್ಟೇ ಏನ್ರಿ?” ಎಂದಳು ಪೂನಮ. ದನಿಯಲ್ಲಿ ಸಂತೋಷಕ್ಕಿಂತ ಬೇಸರವೇ ಹೆಚ್ಚಿತ್ತು, ಯಾರೋ ತನಗೆ ಬೇಕೆಂದೇ ಮುಚ್ಚಿಟ್ಟಿದ್ದರೇನೋ ಎಂಬಂತೆ. “ಹೋದ ವರ್ಷನೂ ಇದನ್ನ ಬಿಟ್ಟಿದ್ದೆ.”

ಆ ಮಾತು ಶಶಿಕಲಾಳಿಗೆ ನೇರವಾಗಿ ತಾಕಿತು. “ಎಲ್ಲಿ ಹೊಂಟಿದ್ದಿ ನೀ?” ಎಂದು ಕೇಳಿದಳು.

ಪೂನಮ ಕೂತುಕೊಂಡು ಹೇಳಿದಳು. ಅವಳ ಊರು ಔರಾದ. ಅಪ್ಪ ಪಂಢರಿ ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ಔಷಧ ಕೊಡುವ ಕೆಲಸದಲ್ಲಿದ್ದರು. ದಿನವಿಡೀ ಡಾಕ್ಟರು ಬರೆದದ್ದನ್ನು ಓದಿ ಗುಳಿಗೆ ಎಣಿಸಿ ಕೊಡುವ ಅವರಿಗೆ, ಬರೆಯುವ ಕೈ ಮಗಳದ್ದಾಗಬೇಕೆಂಬ ಆಸೆ. ಮನೆಗೆ ಬಂದವರಿಗೆಲ್ಲ ಅವಳನ್ನು ಈಗಿನಿಂದಲೇ ಡಾಕ್ಟರೆಂದು ತೋರಿಸುತ್ತಿದ್ದರು. ಹಾಸ್ಟೆಲಿನ ಫೋನಿನಲ್ಲಿ ವಾರಕ್ಕೊಮ್ಮೆ ಮಾತು, ಪಕ್ಕದಲ್ಲಿ ವಾರ್ಡನ್ ನಿಂತಿರುತ್ತಿದ್ದಳು. ನನ್ನಿಂದ ಆಗುವುದಿಲ್ಲ ಎಂದು ಅಪ್ಪನಿಗೆ ಹೇಳಲು ಅವಳಿಗೆ ಜಾಗವೇ ಸಿಕ್ಕಿರಲಿಲ್ಲ.

“ಮನಿಗಿ ಹೋಗಿ ಎದುರಿಗಿ ನಿಂತು ಹೇಳ್ಬೇಕಂತ ಹೊಂಟಿದ್ದೆ. ಬೈದ್ರ ಬೈಲಿ. ಫೋನ್‌ದಾಗ ಆಗಂಗಿಲ್ರಿ ಅದು.”

“ಹೇಳಿದ್ರ ಕೇಳ್ತಾರೇನು?”

“ಗೊತ್ತಿಲ್ಲರಿ.”

ಮೇಲಿನಿಂದ ಅಮೀರ ಪಾಶಾನ ದನಿ ಮತ್ತೆ ಕೇಳಿಸಿತು. ಮೆಕ್ಯಾನಿಕ್‌ನ ಬೈಕು ಪಂಕ್ಚರ್ ಆಗಿದೆಯಂತೆ, ಆಟೊ ಹಿಡಿದು ಬರುತ್ತಿದ್ದಾನಂತೆ. ಶಶಿಕಲಾ ಫೋನಿನ ಗಡಿಯಾರ ನೋಡಿದಳು. ಮೂರರ ಬಸ್ಸು ಹೋಗಿಯಾಗಿತ್ತು. ಮುಂದಿನ ಬಸ್ಸು ಹಿಡಿದರೆ ಐದರೊಳಗೆ ಔರಾದ ಮುಟ್ಟುವ ಮಾತೇ ಇಲ್ಲ.

ಅಲ್ಲಿಯವರೆಗೆ ಹುಡುಗಿಯ ಕಡೆ ನೋಡುತ್ತಾ ತಡೆದುಕೊಂಡದ್ದೆಲ್ಲ ಒಮ್ಮೆಲೇ ಶಶಿಕಲಾಳ ಮೇಲೆ ಬಂದು ಕೂತಿತು. ನಾಳೆ ಮತ್ತೆ ಬೆಳಗಿನ ರೈಲು. ಮತ್ತೆ ಇದೇ ಕಟ್ಟಡ. ಮತ್ತೆ ಒಂದು ಪ್ರಶ್ನೆಗೆ ಒಂದು ನಿಮಿಷ. ಮೇ ಬಂದರೆ ಇನ್ನೊಂದು ಬ್ಯಾಚು ಬರುತ್ತದೆ, ಆಗಲೂ ಮಾಣಿಕರಾವರು ನಗುತ್ತ ಚಹಾ ತರಿಸುತ್ತಾರೆ. ಅವಳು ಹಣೆಯನ್ನು ತಗಡಿಗೆ ಒತ್ತಿ ಕೂತಳು. ಗಾಳಿ ಇದೆ ಎಂದು ತಾನೇ ಹೇಳಿದ ಸಂದಿಯಿಂದ ಈಗ ಗಾಳಿ ಬರುವಂತೆ ಕಾಣಲಿಲ್ಲ.

“ಮ್ಯಾಡಂ,” ಎಂದಳು ಪೂನಮ. “ಮ್ಯಾಡಂ, ಅಳ್ಲತ್ತೀರೇನ್ರಿ?”

ಆಮೇಲೆ ಫೋನು ತನ್ನ ಕೈಯಿಂದ ಮೆಲ್ಲಗೆ ಜಾರಿದ್ದು ಶಶಿಕಲಾಳಿಗೆ ಗೊತ್ತಾಯಿತು. ಹುಡುಗಿ ಟಾರ್ಚನ್ನು ಬಾಗಿಲ ಬುಡಕ್ಕೆ ಹಿಡಿದಿದ್ದಳು.

“ದೂರದ ಮೂಲಿ ಅಲ್ಲ, ಬಾಜೂ ಮೂಲಿ ಕೇಳಿದ್ರ ಏನ್ ಮಾಡ್ಬೇಕ್ರಿ? ಈ ತುದಿಂದ ಆ ತುದಿಗಿ. ಒಂದೇ ಅಂಚಿನ ಎರಡು ತುದಿ.”

ಶಶಿಕಲಾ ಹಣೆ ಎತ್ತದೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ನಾನೇ ಮಾಡ್ತೇನಿ, ತಪ್ಪಿದ್ರ ಹೇಳ್ರಿ.” ಪೂನಮ ಬಗ್ಗಿ ಬಾಗಿಲ ಹೊಸ್ತಿಲಗುಂಟ ಬೆರಳು ಎಳೆದಳು. “ಇದು ನೆಟ್ಟಗ ಹೋಗ್ತದ, ಒಂದು. ಇದನ್ನ ಆ ಕಡೆ ಇಡ್ತೇನಿ. ಉಳಿದ ಎರಡು ದಾರಿ, ಹಿಂದಕ್ಕೊಂದು, ಮ್ಯಾಲಕ್ಕೊಂದು. ಅವೆರಡರ ನಡೂ ಫರಕ್ ಇಲ್ಲ. ಫರಕ್ ಇಲ್ಲಂದ್ರ ಅವುಗಳ ತುದಿ ಎರಡೂ ಕೂಡಿ ಕಟ್ಟಿದ್ರೂ ನಡೀತದ, ಹೌದಿಲ್ಲರಿ? ಕಟ್ಟಿದ್ರ ಎರಡು ಸೇರಿ ಅರ್ಧ.”

ಅವಳು ಬಲಬದಿಗೆ ಸರಿದಳು. “ಈ ಕಡೇನೂ ಹಂಗೇ, ಅರ್ಧ. ನಡೂ ಎರಡು ಅಂಚು, ಹಿಂದ ನೆಲದ್ದು, ಮುಂದ ಮ್ಯಾಲಿಂದು. ಅವೂ ಸೇರಿ ಅರ್ಧ. ಅರ್ಧ, ಅರ್ಧ, ಅರ್ಧ.” ನಿಂತು ಬೆರಳು ಮಡಿಚಿದಳು. “ಏಳೇ ಅಂಚು ಆದವು. ಐದು ಎಲ್ಲಿ ಹೋದವು?”

ಕತ್ತಲಲ್ಲಿ ಅವಳು ಮತ್ತೆ ಮೊದಲಿನಿಂದ ಎಣಿಸಿದಳು, ಮತ್ತೆ ಏಳೇ ಬಂತು. ಶಶಿಕಲಾ ತಗಡಿಗೆ ಹಣೆ ಒತ್ತಿಕೊಂಡೇ ಅದನ್ನು ಕೇಳುತ್ತಿದ್ದಳು. ಕೇಳದಿರಲು ಆಗುತ್ತಿರಲಿಲ್ಲ. ತಪ್ಪು ಎಲ್ಲಿದೆಯೆಂದು ತಿಳಿದ ಮೇಲೆ ಸುಮ್ಮನಿರುವುದು ಅವಳ ಕೈಲಾಗದ ಮಾತು.

“ಹಿಂದ, ಮ್ಯಾಲೆ ನೋಡು,” ಎಂದಳು.

ಬೆಳಕು ಚಾವಣಿಯ ಹಿಂಭಾಗಕ್ಕೆ ಹೋಯಿತು. “ಹೌದಲ್ಲರಿ. ಸುತ್ತುದಾರಿ ಒಂದು ಉಳೀತು. ಈ ಕಡಿಂದ ಎರಡು ಅಂಚು ಮ್ಯಾಲೆ ಹಿಂದಕ್ಕ ಹೋಗ್ತಾವ, ಅರ್ಧ. ಅಲ್ಲೊಂದು ಅಡ್ಡ, ಒಂದು. ಆ ಕಡೆ ಎರಡು ಇಳೀತಾವ, ಅರ್ಧ. ಒಟ್ಟು ಎರಡು.”

“ಆ ಎರಡು, ನಡೂ ಅರ್ಧದ ಸಂಗಟ ಪ್ಯಾರಲಲ್,” ಎಂದಳು ಶಶಿಕಲಾ. ಅವಳು ಈಗ ಹಣೆ ತೆಗೆದು ತಿರುಗಿ ಕೂತಿದ್ದಳು. “ಎಷ್ಟಾಯ್ತು?”

“ಎರಡು ಬೈ ಐದು.”

“ಅದಕ್ಕ ಈ ಅರ್ಧ, ಆ ಅರ್ಧ.”

“ಏಳು ಬೈ ಐದು. ಅದರ ಸಂಗಟ ಮೊದಲು ತೆಗೆದಿಟ್ಟದ್ದು ಒಂದು.” ಪೂನಮ ಕಣ್ಣು ಮುಚ್ಚಿದಳು. “ಏಳು ಬೈ ಹನ್ನೆರಡು.”

ಶಶಿಕಲಾ ಮನಸ್ಸಿನಲ್ಲೇ ಇನ್ನೊಮ್ಮೆ ಮಾಡಿ ನೋಡಿದಳು. ಈ ಉತ್ತರವೂ ಅವಳಿಗೆ ಬಾಯಿಪಾಠವಿತ್ತು. ಆದರೆ ಅಂಚಿನಿಂದ ಅಂಚಿಗೆ ನಡೆದು ಅಲ್ಲಿಗೆ ಹೋಗದೆ ಎಷ್ಟು ವರ್ಷವಾಗಿತ್ತೋ.

“ಬರೋಬರಿ ಅದ,” ಎಂದಳು. “ಈ ಕಾಲೇಜಿನ ಮೊದಲ ಬ್ಯಾಚ್‌ದಾಗೂ ಇದನ್ನ ಹಿಂಗ ಮಾಡಿ ತೋರ್ಸೋರು ಯಾರೂ ಇಲ್ಲ.”

“ನಂಗಿದು ಲಗೂ ಬರಂಗಿಲ್ರಿ. ಪರೀಕ್ಷಾದಾಗ ಟೈಮ್ ಇರಂಗಿಲ್ಲ.” ಪೂನಮ ಫೋನನ್ನು ಮರಳಿಸಿದಳು. “ಟೈಮ್ ಇದ್ರ ಛಲೋ ಅನಸ್ತದ.”

ಮೇಲೆ ಕಬ್ಬಿಣದ ಸದ್ದಾಯಿತು. ಯಾರೋ ಚಾವಿ ಹಾಕಿ ಹೊರಬಾಗಿಲನ್ನು ಎರಡು ಕಡೆಗೂ ಜಗ್ಗಿದರು. ಲಿಫ್ಟಿನ ಬಾಗಿಲು ತೆರೆದಾಗ ಎದುರಿಗೆ ಅರ್ಧ ಗೋಡೆ, ಅದರ ಮೇಲೆ ಅರ್ಧ ಬೆಳಕು. ಅಮೀರ ಪಾಶಾ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದ. ಶಶಿಕಲಾ ಮೊದಲು ಹುಡುಗಿಯನ್ನು ಎತ್ತಿ ಕೊಟ್ಟಳು. ಅವನಿಗೆ ಗಾಬರಿಯಾಯಿತು. “ಯಾ ಅಲ್ಲಾ, ಇಕಿನೂ ಇದ್ಳೇನ್ರಿ?” ಎಂದ, ಆದರೆ ಕೈ ಬಿಡಲಿಲ್ಲ. ಶಶಿಕಲಾ ಮೊಣಕಾಲು ತರಚಿಕೊಂಡು ಮೇಲೆ ಬಂದಾಗ ಎರಡನೇ ಮಹಡಿಯ ಕಾರಿಡಾರಿನಲ್ಲಿ ಮಾಣಿಕರಾವರು ನಿಂತಿದ್ದರು. ಅವರ ಮುಖದಲ್ಲಿ ಆಗ ನಗು ಇರಲಿಲ್ಲ.

ಇಬ್ಬರನ್ನೂ ಮೆಟ್ಟಿಲ ಮೇಲಿಂದ ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ಹುಡುಗಿಯ ಬ್ಯಾಗನ್ನು ನೋಡಿದರು, ಅವಳ ಬಿಳಚಿದ ಮುಖ ನೋಡಿದರು. ಇನ್ನೂರು ಹುಡುಗಿಯರ ಹಾಸ್ಟೆಲು, ಕೆಟ್ಟ ಲಿಫ್ಟು, ಸದ್ದಾಗದ ಗಂಟೆ. ಇದು ಹೊರಗೆ ಹೋದರೆ ಏನಾಗುತ್ತದೆಂದು ಅವರು ಲೆಕ್ಕ ಹಾಕುತ್ತಿರುವುದು ಕಾಣುತ್ತಿತ್ತು. ಕೊನೆಗೆ ಎದ್ದು ಅಲಮಾರಿ ತೆರೆದು ಒಂದು ಫೈಲು ತೆಗೆದು ಶಶಿಕಲಾಳ ಮುಂದೆ ಇಟ್ಟರು.

“ತಗೊಂಡು ಹೋಗ್ರಿ. ಔರಾದಕ್ಕ ಹೋಗ್ತೇನಿ ಅಂದ್ರಲ್ಲ, ಹೋಗ್ರಿ. ನಾ ಬ್ಯಾಡ ಅನ್ನಂಗಿಲ್ಲ.”

ಶಶಿಕಲಾ ಫೈಲನ್ನು ಎತ್ತಿಕೊಂಡಳು. ಬಿಚ್ಚಿ ನೋಡಿದಳು. ಎಲ್ಲವೂ ಇದ್ದವು.

“ಒಂದೇ ಮಾತು,” ಎಂದರು ಅವರು. “ಇಕಿ ಅಪ್ಪಗ ಈಗ ನಾ ಫೋನ್ ಹಚ್ತೇನಿ. ಹುಡುಗಿ ಹೇಳದೆ ಓಡಿ ಹೊಂಟಿದ್ಳು, ಸಿಕ್ಕ ಸಿಕ್ಕ ಬಟನ್ ಒತ್ತಿ ಲಿಫ್ಟ್ ಕೆಡಿಸಿದ್ಳು ಅಂತ ನೀವು ಹೇಳ್ರಿ. ಮಾಸ್ತರು ಹೇಳಿದ್ರ ನಂಬ್ತಾರ. ಇಕಿ ಕೆಳಗ ಹೋಗಿ ಓದ್ಲಿ, ನೀವು ನಿಮ್ಮ ದಾರಿ ಹಿಡೀರಿ.”

ಪೂನಮ ನೆಲ ನೋಡುತ್ತ ನಿಂತಿದ್ದಳು. ಏನಾದರೂ ಹೇಳುವುದರಿಂದ ಉಪಯೋಗವಿದೆ ಎಂದು ಅವಳಿಗೆ ಅನಿಸಿದಂತೆ ಇರಲಿಲ್ಲ.

ಮಾಣಿಕರಾವರು ನಂಬರು ಒತ್ತಿದರು, ಎರಡು ಮಾತು ಆಡಿದರು, ಫೋನನ್ನು ಮೇಜಿನ ಮೇಲಿಂದ ಚಾಚಿದರು. ಶಶಿಕಲಾ ಒಂದು ಕೈಯಲ್ಲಿ ಫೈಲನ್ನು ಎದೆಗೆ ಒತ್ತಿಕೊಂಡು ಇನ್ನೊಂದರಲ್ಲಿ ಫೋನು ತೆಗೆದುಕೊಂಡಳು. ಕೋಣೆಯ ಬಾಗಿಲು ತನ್ನ ಬೆನ್ನ ಹಿಂದೆ ಎಷ್ಟು ದೂರದಲ್ಲಿದೆ ಎಂದು ಒಮ್ಮೆ ತಿರುಗಿ ನೋಡಿದಳು.

“ನಮಸ್ಕಾರ್ರಿ. ನಾ ಪೂನಮನ ಫಿಜಿಕ್ಸ್ ಟೀಚರ್. ಲಿಫ್ಟ್ ನಡುವೆ ನಿಂತಿತ್ರಿ. ನಾವಿಬ್ಬರೂ ಒಳಗ ಸಿಕ್ಕಿದ್ದಿವಿ. ಇಕಿ ಭಾಳ ಅಂಜಿದ್ಳು, ಗಂಟಿ ಒತ್ತಿದ್ರೂ ಸದ್ದಾಗಲಿಲ್ಲ. ಇಕಿದೇನೂ ತಪ್ಪಿಲ್ಲರಿ.” ಮಾಣಿಕರಾವರು ಕುರ್ಚಿಯಿಂದ ಎದ್ದರು. ಅವಳು ಒಂದು ಹೆಜ್ಜೆ ಹಿಂದೆ ಸರಿದು ಮುಂದುವರಿಸಿದಳು. “ಇ‌ಕಿ ನಿಮ್ಮ ಕಡೆನೇ ಬರ್ಲಿಕ್ಕೆ ಹೊಂಟಿದ್ಳು. ನಿಮಗ ಏನೋ ಹೇಳೂದದ ಅಂತ. ನಾ ಔರಾದಕ್ಕ ಹೊಂಟೀನಿ, ನೀವು ಹೂಂ ಅಂದ್ರ ಸಂಗಟ ಕರ್ಕೊಂಡು ಬರ್ತೇನಿ.”

“ಈಗ ಹ್ಯಾಂಗ ಅದಾಳ್ರಿ?” ಎಂದು ಪಂಢರಿ ಕೇಳಿದರು. ಆಮೇಲೆ, “ಕರ್ಕೊಂಡು ಬರ್ರಿ. ಸ್ಟ್ಯಾಂಡಿಗಿ ಬರ್ತೇನಿ,” ಎಂದರು.

ಮಾಣಿಕರಾವರು ಫೋನು ಕಸಿದುಕೊಳ್ಳಲಿಲ್ಲ. ಕೈಗೆ ಕೊಟ್ಟಾಗ ತೆಗೆದುಕೊಂಡು, ಬಹಳ ಮೆತ್ತಗೆ ಹೇಳಿದರು, “ಈ ಜಿಲ್ಲಾದಾಗೇ ಕೆಲಸ ಮಾಡೋರು ನೀವು, ಮ್ಯಾಡಂ. ನಂಗ ಎಲ್ಲಾ ಕಾಲೇಜಿನವರೂ ಗೊತ್ತದಾರ.” ಶಶಿಕಲಾ ಆ ಮಾತನ್ನು ಮರೆಯಲಿಲ್ಲ. ಕೆಳಗೆ ಗೇಟಿನಲ್ಲಿ ಅಮೀರ ಪಾಶಾ, ಹೊರಗೆ ಹೋಗುವ ಹುಡುಗಿಯರ ಹೆಸರು ಬರೆಸುವ ರಜಿಸ್ಟರಿನ ಮಾತೆತ್ತದೆ ಕೀಲಿ ತೆಗೆದ.

ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು. ಕಿಟಕಿಯಾಚೆ ಕೆಂಪು ನೆಲ, ತೊಗರಿ ಹೊಲ, ಮತ್ತೆ ಕೆಂಪು ನೆಲ. ಪೂನಮ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಹೊರಗೆ ಬಂದಿದ್ದೇವೆ ಎಂದು ಶಶಿಕಲಾಳಿಗೆ ಇನ್ನೂ ನಂಬಿಕೆಯಾಗಿರಲಿಲ್ಲ. ಐದು ದಾಟಿತ್ತು. ಹುಡುಗಿಯ ಮನಸ್ಸಿನಲ್ಲಿ ಏನಿತ್ತೆಂದು ಕೇಳಬೇಕಾಗಿರಲಿಲ್ಲ.

ಔರಾದದ ಸ್ಟ್ಯಾಂಡಿನಲ್ಲಿ ಪಂಢರಿ ಸ್ಕೂಟರಿನ ಪಕ್ಕದಲ್ಲಿ ನಿಂತಿದ್ದರು. ದಪ್ಪ ಕನ್ನಡಕದ, ಇಸ್ತ್ರಿ ಅಂಗಿಯ ಮನುಷ್ಯ. ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡರು, ಅವಳ ನೆತ್ತಿಯ ಮೇಲೆ ಒಂದು ಗಳಿಗೆ ಕೈಯಿಟ್ಟರು.

“ಊಟ ಆಗ್ಯಾದೇನು?”

“ಆಗ್ಯಾದ್ರಿ ಪಪ್ಪಾ.”

“ಮನಿಗಿ ನಡಿ. ಅಲ್ಲಿ ಹೇಳು, ಏನ್ ಹೇಳೂದದ.”

ಶಶಿಕಲಾ ಪಿಯು ಕಾಲೇಜಿಗೆ ಹೋದಾಗ ಕಚೇರಿಗೆ ಕೀಲಿ ಬಿದ್ದಿತ್ತು. ಪಕ್ಕದ ಅಂಗಡಿಯವರನ್ನು ಕೇಳಿ ಮಡೆಪ್ಪನವರ ಮನೆ ಹುಡುಕಿಕೊಂಡು ಹೋದಳು. ಅವರು ಅಂಗಳದಲ್ಲಿ ಕೂತಿದ್ದರು. ತಡವಾದುದಕ್ಕೆ ಮೊದಲು ಚೆನ್ನಾಗಿ ಬೈದರು. ಐದು ಅಂದರೆ ಐದು, ಬೇರೆಯವರಿಗೆ ಫೋನು ಮಾಡಿ ಆಗಿದೆ ಎಂದರು. ಅವಳು ನಿಂತೇ ಇದ್ದಳು. ಅವರ ಹೆಂಡತಿ ದಾನಮ್ಮ ಒಳಗಿನಿಂದ ಬಂದು ತರಚಿದ ಮೊಣಕಾಲನ್ನು, ಸೀರೆಗೆ ಹತ್ತಿದ ಗ್ರೀಸನ್ನು ನೋಡಿ, ಏನಾಯಿತವ್ವ ಎಂದು ಕೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಮಡೆಪ್ಪನವರು ಫೈಲು ಬಿಚ್ಚಿದ್ದರು. ಮಂಡಳಿಯವರು ಒಪ್ಪಿದರೆ ನೋಡೋಣ ಎಂದರು. ಮಂಡಳಿಯವರು ಒಪ್ಪಿದರು, ಆದರೆ ಕಾಯಂ ಮಾಡಲಿಲ್ಲ. ಒಂದು ವರ್ಷ ನೋಡುತ್ತೇವೆ ಎಂದು ಹೇಳಿ ತೆಗೆದುಕೊಂಡರು. ಬೀದರದಿಂದ ಯಾರೋ ಫೋನು ಮಾಡಿದ್ದರಂತೆ.

ಪೂನಮ ಮರಳಿ ಹಾಸ್ಟೆಲಿಗೆ ಹೋಗಲಿಲ್ಲ. ಆ ರಾತ್ರಿ ಅಪ್ಪ ಅವಳ ಮಾತನ್ನೆಲ್ಲ ಕೇಳಿಸಿಕೊಂಡರು, ಆಮೇಲೆ ಒಂದು ತಿಂಗಳ ಹತ್ತಿರ ಅವಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಮನೆಯಲ್ಲೇ ಓದಿ ಪರೀಕ್ಷೆ ಬರೆದಳು, ಸೀಟು ಬರಲಿಲ್ಲ. ಬೀದರದಲ್ಲಿ ಬಿ.ಎಸ್ಸಿ.ಗೆ ಸೇರಿ ಭೌತಶಾಸ್ತ್ರ ತೆಗೆದುಕೊಂಡಳು. ರಜೆಗೆ ಔರಾದಕ್ಕೆ ಬಂದಾಗ ಶಶಿಕಲಾಳ ಬಾಡಿಗೆ ಕೋಣೆಗೆ ಬಂದು ಸಂಜೆಯವರೆಗೆ ಕೂಡುತ್ತಾಳೆ. ಪಂಢರಿ ದವಾಖಾನೆಗೆ ಬರುವ ಪರಿಚಯದವರಿಗೆ ಈಗಲೂ, ಮಗಳು ಮುಂದಿನ ವರ್ಷ ಮತ್ತೊಮ್ಮೆ ಮೆಡಿಕಲ್‌ಗೆ ಬರೆಯುತ್ತಾಳೆ ಎಂದೇ ಹೇಳುತ್ತಾರೆ. ಪಕ್ಕದಲ್ಲಿದ್ದರೆ ಪೂನಮ ಕೇಳಿಸಿಕೊಳ್ಳುತ್ತಾಳೆ, ಅಲ್ಲ ಎನ್ನುವುದಿಲ್ಲ, ಹೌದು ಎಂದೂ ಅನ್ನುವುದಿಲ್ಲ.